ಡೈರಿ ಬರೆಯುವ ಮೊದಲು, ಅದನ್ನು ಮನೆಯಲ್ಲಿ ಓದುವವರು ಯಾರೆಂದು ತಿಳಿದುಕೊಳ್ಳಿ

ಪಾಲಕರ ಸಭೆಗೆ ಮೂರು ಸಲ ಕರೆದರೂ ನಿಮ್ಮ ಮೂರನೆಯ ತರಗತಿಯ ಆ ಹುಡುಗನ ಮನೆಯಿಂದ ಯಾರೂ ಬರಲಿಲ್ಲ, ಮನೆಯವರಿಗೆ ಮಗುವಿನ ಓದಿನಲ್ಲಿ ಆಸಕ್ತಿಯೇ ಇಲ್ಲ, ಇನ್ನು ಡೈರಿಯಲ್ಲಿ ಕಟ್ಟುನಿಟ್ಟಾಗಿ ಬರೆದು ಕಳುಹಿಸಲೋ ಅಥವಾ ವಾಟ್ಸಾಪ್ ಗುಂಪಿನಲ್ಲಿ ಹಾಕಲೋ ಎಂದು ಕೇಳಿದ್ದೀರಿ. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ 26 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ನೀವು ಬರೆಯಬೇಕೆಂದಿರುವ ಆ ಟಿಪ್ಪಣಿಯನ್ನು ನಾನು 2007ರಲ್ಲೇ ಬರೆದಿದ್ದೇನೆ.

ಆಗ ನಾನು ಪೂರ್ವ ಉಪನಗರದ ಒಂದು ಶಾಲೆಯಲ್ಲಿ ಬೆಳಗಿನ ಪಾಳಿಯ ಮೂರನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದೆ. ತರಗತಿಯಲ್ಲಿ 38 ಮಕ್ಕಳು. ಹೆಚ್ಚಿನವರು ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಏಳೆಂಟು ಮಂದಿ ಉಡುಪಿಯ ಕಡೆಯ ಹೋಟೆಲು ಕೆಲಸಗಾರರ ಮಕ್ಕಳು. ಅವರಲ್ಲಿ ಯಾದಗಿರಿ ಕಡೆಯ ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ಅಕ್ಷರ ಮುತ್ತಿನಂತಿತ್ತು, ಓದುವುದು ಸರಾಗ, ಆದರೆ ಮಗ್ಗಿ ಬಾರದು, ಮನೆಗೆಲಸ ಎಂದೂ ಮಾಡಿಕೊಂಡು ಬಂದವಳಲ್ಲ, ವಾರದಲ್ಲಿ ಒಂದೆರಡು ದಿನ ಬರುವುದೇ ಇಲ್ಲ. ತಾಯಿಯನ್ನು ಕರೆದುಕೊಂಡು ಬಾ ಎಂದರೆ ತಲೆಯಾಡಿಸುವಳು, ತಾಯಿ ಬರುತ್ತಿರಲಿಲ್ಲ. ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರ, ನವೆಂಬರ್ ಕೊನೆಯಲ್ಲಿ, ಅವಳ ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದೆ: "ಮನೆಯಲ್ಲಿ ಯಾರೂ ಈ ಮಗುವಿನ ಕಡೆ ಗಮನ ಕೊಡುತ್ತಿಲ್ಲ. ತಾಯಿ ಬಂದು ಭೇಟಿಯಾಗುವವರೆಗೆ ಮಗುವನ್ನು ತರಗತಿಗೆ ಕಳುಹಿಸಬೇಡಿ."

ಮರುದಿನ ತಾಯಿಯೂ ಬರಲಿಲ್ಲ, ಮಗಳೂ ಬರಲಿಲ್ಲ. ಒಂದು ವಾರ ಕಳೆದ ಮೇಲೆ ಮಕ್ಕಳನ್ನು ಕೇಳಿದಾಗ ಯಾರೋ ಒಬ್ಬ "ಊರಿಗಿ ಹೋಗ್ಯಾಳ್ರಿ" ಎಂದ. ನಾನು ನಂಬಿದೆ. ನಮ್ಮ ಶಾಲೆಯಲ್ಲಿ ಮಕ್ಕಳು ಬಿತ್ತನೆಗೆ, ಜಾತ್ರೆಗೆ, ಮದುವೆಗೆ ಊರಿಗೆ ಹೋಗುವುದು, ತಿಂಗಳಾದ ಮೇಲೆ ಮರಳುವುದು ಸಾಮಾನ್ಯವಾಗಿತ್ತು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಗುರುತಿಸುತ್ತ ಹೋದೆ. ಜನವರಿಯ ಮೊದಲ ವಾರ ನಮ್ಮ ಶಾಲೆಯ ಶಿಪಾಯಿ ಬಂದು, ಆ ಹುಡುಗಿ ಊರಿಗೆ ಹೋಗಿಯೇ ಇಲ್ಲ, ಹೊಸ ಕಟ್ಟಡದ ಹತ್ತಿರ ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತ ಕುಳಿತಿರುತ್ತಾಳೆ, ದಿನಾ ನೋಡುತ್ತೇನೆ ಎಂದು ಹೇಳಿದರು.

ಆ ಭಾನುವಾರ ನಾನು ಅವರ ಗುಡಿಸಲಿಗೆ ಹೋದೆ. ಒಂಬತ್ತು ವರ್ಷಗಳ ನೌಕರಿಯಲ್ಲಿ ವಿದ್ಯಾರ್ಥಿಯೊಬ್ಬರ ಮನೆಗೆ ಹೋದದ್ದು ಅದೇ ಮೊದಲು. ತಾಯಿ ನನ್ನನ್ನು ನೋಡಿ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, "ನೀವೇ ಸಾಲಿಗಿ ಬರಬ್ಯಾಡ ಅಂದೀರಂತಲ್ಲರೀ ಟೀಚರ್" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯವರು ಹೇಳಿದ ಮೇಲೆ ಮುಗಿಯಿತು ಎಂಬ ಭಾವವಿತ್ತು. ನಾನು ಹಾಗೆ ಬರೆದಿಲ್ಲ ಎಂದೆ. ಅವರು ಗೂಟಕ್ಕೆ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲದಿಂದ ಡೈರಿಯನ್ನು ತೆಗೆದು ನನ್ನ ಕೈಗಲ್ಲ, ಮಗಳ ಕೈಗೆ ಕೊಟ್ಟು, "ಓದಿ ಹೇಳವ್ವ" ಎಂದರು. ಹುಡುಗಿ ಆ ಪುಟವನ್ನು ತೆರೆದು, ನನ್ನ ಮುಖವನ್ನೊಮ್ಮೆ ನೋಡಿ, "ಮಗುವನ್ನು ತರಗತಿಗೆ ಕಳುಹಿಸಬೇಡಿ" ಎಂದಷ್ಟೇ ಓದಿ ಮುಚ್ಚಿದಳು.

ಮೊದಲ ವಾಕ್ಯವನ್ನು ಅವಳು ಓದಲಿಲ್ಲ. ಎರಡನೆಯ ವಾಕ್ಯದಲ್ಲಿ ತಾಯಿ ಬರಬೇಕೆಂದಿದ್ದ ಭಾಗವನ್ನೂ ಓದಲಿಲ್ಲ. ಡೈರಿ ಮನೆಗೆ ಹೋದ ದಿನವೂ ಇಷ್ಟನ್ನೇ ಓದಿದ್ದಳು.

ನನ್ನ ತಪ್ಪು ಯಾವುದು ಎಂಬುದನ್ನು ನೀವು ಸರಿಯಾಗಿ ಗುರುತಿಸಬೇಕೆಂದು ನನ್ನ ಆಸೆ, ಏಕೆಂದರೆ ಈ ಕಥೆಯನ್ನು ಕೇಳಿದ ನನ್ನ ಸಹೋದ್ಯೋಗಿಗಳೆಲ್ಲ ಬೇರೆ ತಪ್ಪನ್ನೇ ಎತ್ತಿ ಹೇಳುತ್ತಿದ್ದರು. ಕೆಂಪು ಶಾಯಿ ಬಳಸಬಾರದಿತ್ತು ಎಂದರು. ನೀಲಿ ಶಾಯಿಯಲ್ಲಿ ಬರೆದಿದ್ದರೂ ಆಗುತ್ತಿದ್ದುದು ಅದೇ. ಮಾತು ಕಟುವಾಯಿತು ಎಂದರು. ವಿನಯದಿಂದ ಬರೆದಿದ್ದರೂ ಅದನ್ನು ಓದಬೇಕಾದವಳು ಆ ಹುಡುಗಿಯೇ. ತಾಯಿಗೆ ಅಕ್ಷರ ಬಾರದು, ತಂದೆಗೂ ಬಾರದು, ಆ ಮನೆಯಲ್ಲಿ ಓದಬಲ್ಲ ಜೀವ ಒಂದೇ, ಆ ಜೀವಕ್ಕೆ ಓದು ಕಲಿಸಿದವಳು ನಾನೇ. ಹೀಗಿರುವಾಗ ತಾಯಿಯ ಮೇಲಿನ ದೂರನ್ನು ಮಗಳ ಬಾಯಿಂದಲೇ ತಾಯಿಗೆ ಓದಿಸುವ ಕೆಲಸವನ್ನು ನಾನು ಅವಳಿಗೆ ಕೊಟ್ಟಿದ್ದೆ. ಒಂಬತ್ತು ವರ್ಷದ ಆ ಮಗು ಅದನ್ನು ಮಾಡಲು ಒಪ್ಪಲಿಲ್ಲ. ತಾಯಿಗೆ ನೋವಾಗುವ ಮಾತನ್ನು ತಾನೇ ನುಂಗಿಕೊಂಡು, ತನಗೆ ನಷ್ಟವಾಗುವ ಮಾತನ್ನು ಮಾತ್ರ ತಲುಪಿಸಿ, ಹೇಳಿದಂತೆ ಮನೆಯಲ್ಲಿ ಉಳಿದಳು. ಟಿಪ್ಪಣಿ ಬರೆಯುವಾಗ ನನ್ನ ಕಣ್ಣ ಮುಂದೆ ಒಬ್ಬ ಓದುಗಳಿದ್ದಳು; ಅವಳು ನನ್ನಂಥವಳು, ಸಂಜೆ ಕನ್ನಡಕ ಹಾಕಿಕೊಂಡು ಡೈರಿ ತೆರೆದು ನೋಡುವ, ನಾಚಿಕೆಪಟ್ಟು ಮರುದಿನ ಶಾಲೆಗೆ ಓಡಿ ಬರುವ ತಾಯಿ. ಅಂಥ ತಾಯಿ ಆ ಮನೆಯಲ್ಲಿ ಇರಲೇ ಇಲ್ಲ. ಜೂನ್‌ನಲ್ಲಿ ಪ್ರವೇಶ ಪತ್ರದ ಮೇಲೆ ಅವರು ಒತ್ತಿದ್ದ ಹೆಬ್ಬೆಟ್ಟಿನ ಗುರುತು ನನ್ನ ಕಪಾಟಿನಲ್ಲೇ ಇತ್ತು. ಅದನ್ನು ನೋಡಿಯೂ ನಾನು ಡೈರಿ ಬರೆದೆ ಎಂಬುದೇ ನನ್ನ ತಪ್ಪು.

ಅದೇ ಗುಡಿಸಲಿನ ತಗಡಿನ ಗೋಡೆಗೆ ಇದ್ದಿಲಿನಿಂದ ಗೀಟುಗಳನ್ನು ಎಳೆದಿದ್ದರು, ಏಳೇಳರ ಸಾಲುಗಳಾಗಿ. ಇದೇನೆಂದು ಕೇಳಿದೆ. ಕೂಲಿಯವರನ್ನು ಕೆಲಸಕ್ಕೆ ಕರೆತರುವ ಮುಕಾದಮ ವಾರಕ್ಕೊಮ್ಮೆ ಖರ್ಚಿ, ಅಂದರೆ ಕೈಖರ್ಚಿನ ಹಣ, ಕೊಡುತ್ತಾನೆ, ಪೂರ್ತಿ ಹಿಸಾಬು ಊರಿಗೆ ಹೋಗುವಾಗ. ಅಲ್ಲಿಯವರೆಗಿನ ಹಾಜರಿಯನ್ನು ತಾಯಿ ಗೋಡೆಯ ಮೇಲೆ ಇಟ್ಟುಕೊಂಡಿದ್ದರು. ಇಡೀ ದಿನಕ್ಕೆ ಉದ್ದ ಗೀಟು, ಅರ್ಧ ದಿನಕ್ಕೆ ಗಿಡ್ಡ ಗೀಟು, ಕೆಲಸವಿಲ್ಲದ ದಿನ ಖಾಲಿ. ಮೇಲಿನ ಸಾಲುಗಳಲ್ಲಿದ್ದ ಒಂದು ಗಿಡ್ಡ ಗೀಟನ್ನು ತೋರಿಸಿ, "ಇದು ಮಗಳ್ನ ಸಾಲಿಗಿ ಹೆಸರ ಹಚ್ಚಾಕ ಬಂದಿದ್ನೆಲ್ಲರೀ, ಅವತ್ತಿಂದು" ಎಂದರು. ನಾನು ಬೆಳಿಗ್ಗೆ ಹತ್ತು ಗಂಟೆಗೆ ಕರೆಯುತ್ತಿದ್ದ ಒಂದೊಂದು ಸಭೆಗೂ ಅವರು ತೆರಬೇಕಿದ್ದ ಬೆಲೆ ಅರ್ಧ ಹಾಜರಿ. ಮಗಳು ವಾರಕ್ಕೆ ಒಂದೆರಡು ದಿನ ತಪ್ಪಿಸುತ್ತಿದ್ದುದು ಕೂಸನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯ ಅಜ್ಜಿಗೆ ಹುಷಾರಿಲ್ಲದ ದಿನಗಳಲ್ಲಿ.

ನಾಳೆಯಿಂದಲೇ ಕಳುಹಿಸಿ, ತಪ್ಪು ನನ್ನದು ಎಂದು ಹೇಳಿದೆ. ಆಗಲಿ ಎಂದರು. ಆದರೆ ಸಂಕ್ರಾಂತಿಗೆ ಅವರ ಯಾದಗಿರಿ ಕಡೆಯ ಮೈಲಾಪುರದ ಮಲ್ಲಯ್ಯನ ಜಾತ್ರೆಯಿತ್ತು, ನಾಲ್ಕು ದಿನಗಳಲ್ಲಿ ಅವರು ಊರಿನ ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತುವವರಿದ್ದರು, ಬಂದ ಮೇಲೆ ಕಳುಹಿಸುತ್ತೇನೆ ಎಂದರು. ಅವರು ಮುಂಬೈಗೆ ಮರಳಲಿಲ್ಲ. ಮುಕಾದಮ ತನ್ನ ಜನರನ್ನೆಲ್ಲ ಪುಣೆಯ ಕಡೆಯ ಕೆಲಸಕ್ಕೆ ಕಳುಹಿಸಿದ ಎಂದು ಅಕ್ಕಪಕ್ಕದವರು ಹೇಳಿದರು. ಶಾಲೆ ಬಿಟ್ಟ ದಾಖಲೆಯನ್ನು ಕೇಳಿ ಯಾರೂ ಬರಲಿಲ್ಲ. ಆರು ವಾರ ಮೊದಲೇ ನಾನು ಆ ಗುಡಿಸಲಿಗೆ ಹೋಗಿದ್ದರೆ ಆ ಪ್ರಮಾಣಪತ್ರವನ್ನಾದರೂ ಅವರ ಕೈಗೆ ಕೊಡುತ್ತಿದ್ದೆ, ಪುಣೆಯಲ್ಲಿ ಯಾವ ಶಾಲೆಯನ್ನು ಕೇಳಬೇಕೆಂದು ವಿಚಾರಿಸಿಯಾದರೂ ಹೇಳುತ್ತಿದ್ದೆ.

ಇದಾದ ಎರಡು ವರ್ಷಗಳ ಮೇಲೆ, 2010ರ ಏಪ್ರಿಲ್ 1ರಿಂದ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೆಯ ಕಲಂ ಹೇಳುತ್ತದೆ. ತಾಯಿ ಬರುವವರೆಗೆ ಕಳುಹಿಸಬೇಡಿ ಎಂದು ಇಂದು ನೀವು ಬರೆದರೆ ಅದು ಕಾನೂನಿಗೂ ವಿರುದ್ಧ. ಪಾಲಕರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು 24ನೆಯ ಕಲಂ ಹೇಳುತ್ತದೆ. ಆ ಕರ್ತವ್ಯವನ್ನು ನಮ್ಮ ಮೇಲೆ ಹೊರಿಸಿದೆ, ಪಾಲಕರ ಮೇಲಲ್ಲ. ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದೂ ಇದೆ. ಸಭೆಯ ಸಮಯವನ್ನು ಅವರೇ ಗೊತ್ತುಮಾಡಲಿ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ.

ಆದ್ದರಿಂದ ಡೈರಿಯೋ ವಾಟ್ಸಾಪೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಬರಹವೇ. ಗುಂಪಿನಲ್ಲಿ ಹಾಕುವುದು ಡೈರಿಗಿಂತ ಕೆಟ್ಟದ್ದು, ಏಕೆಂದರೆ ಓದಬಲ್ಲ ಮೂವತ್ತು ಮನೆಗಳು ಅದನ್ನು ಓದುತ್ತವೆ, ಓದಬೇಕಾದ ಒಂದು ಮನೆ ಓದುವುದಿಲ್ಲ. ಸಭೆಗೆ ಬಾರದವರಿಗೆ ಆಸಕ್ತಿಯಿಲ್ಲ ಎಂಬ ನಿಮ್ಮ ತೀರ್ಮಾನವನ್ನೂ ಒಪ್ಪುವುದಿಲ್ಲ. ಆ ಹುಡುಗನ ಮನೆಗೆ ಹೋಗಿ ಬಂದಿದ್ದೀರಾ ಎಂದು ನಿಮ್ಮ ಪ್ರಶ್ನೆಯಲ್ಲಿ ಎಲ್ಲಿಯೂ ಇಲ್ಲ.

ಆ ಮೇಲಿನ ವರ್ಷಗಳಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಜೂನ್‌ನಲ್ಲಿ ಶಾಲೆ ಆರಂಭವಾದ ಮೊದಲ ಎರಡು ತಿಂಗಳಲ್ಲಿ ಪ್ರತಿ ಮಗುವಿನ ಮನೆಗೂ ಒಮ್ಮೆ ಹೋಗುತ್ತಿದ್ದೆ, ಮಳೆ ಸುರಿಯುತ್ತಿದ್ದರೂ. ಬಸ್ತಿಗಳಿಗೆ ನಲ್ಲಿಯಲ್ಲಿ ನೀರು ಬಿಡುವ ಹೊತ್ತು ಗೊತ್ತಿರುತ್ತದೆ. ನೀರು ಬರುವ ಹೊತ್ತಿಗೆ ಹೋಗಬಾರದು, ನೀರು ತುಂಬಿ ಮುಗಿದ ಅರ್ಧ ಗಂಟೆಯಲ್ಲಿ ಹೋಗಬೇಕು, ಆಗ ತಾಯಂದಿರು ಬಾಗಿಲಲ್ಲೇ ಸಿಗುತ್ತಾರೆ. ಹೋಟೆಲು ಕೆಲಸಗಾರರಾದ ತಂದೆಯರು ರಾತ್ರಿ ತಡವಾಗಿ ಬಂದು ಬೆಳಿಗ್ಗೆ ಬೇಗ ಹೊರಡುತ್ತಾರೆ. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಗಿರಾಕಿ ಆರಂಭವಾಗುವ ಮೊದಲು, ಮೂರೂವರೆಯಿಂದ ನಾಲ್ಕೂವರೆಯೊಳಗೆ, ಅವರು ಬಿಡುವಾಗಿರುತ್ತಾರೆ. ಅವರಲ್ಲಿ ಹಿರಿಯರು ಹಲವರು ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಅವರಿಗೆ ಚೀಟಿ ಬರೆದರೆ ಸಾಕು, ಚೆನ್ನಾಗಿ ಓದುತ್ತಾರೆ, ಉತ್ತರವನ್ನೂ ಬರೆಯುತ್ತಾರೆ. ಒಂದೇ ತರಗತಿಯಲ್ಲಿ ಒಂದು ಮನೆಗೆ ಸಲ್ಲುವ ಕ್ರಮ ಇನ್ನೊಂದು ಮನೆಗೆ ಸಲ್ಲುವುದಿಲ್ಲ. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಓದುವವರು ಯಾರು, ಸಿಗುವ ಹೊತ್ತು ಯಾವುದು, ಊರು ಯಾವುದು, ಊರಿಗೆ ಹೋಗುವ ತಿಂಗಳು ಯಾವುದು ಎಂದು ಬರೆದಿಟ್ಟುಕೊಳ್ಳುತ್ತಿದ್ದೆ.

ಮನೆಗೆ ಹೋದಾಗ ತಪಾಸಣೆಗೆ ಬಂದವರಂತೆ ಸುತ್ತ ನೋಡಬೇಡಿ. ಮೊದಲ ಭೇಟಿಯಲ್ಲಿ ದೂರು ಹೇಳಲೇಬೇಡಿ. ಮಗು ಏನನ್ನು ಚೆನ್ನಾಗಿ ಮಾಡುತ್ತದೆ ಎಂಬುದನ್ನು ಹೇಳಿ, ಅವರ ಕೆಲಸದ ಬಗ್ಗೆ ಕೇಳಿ. ಆ ಗೋಡೆಯ ಗೀಟುಗಳಿಂದಲೇ ನಾನು ಮರುವರ್ಷ ಏಳರ ಮಗ್ಗಿಯನ್ನು ಕಲಿಸಿದೆ, ಗಿಡ್ಡ ಗೀಟುಗಳಿಂದ ಅರ್ಧವನ್ನು ಕಲಿಸಿದೆ. ಎರಡು ಅರ್ಧ ಹಾಜರಿಗೆ ಒಂದು ಪೂರ್ಣ ಹಾಜರಿ ಎಂಬುದು ಪುಸ್ತಕದ ಅರ್ಧ ಕತ್ತರಿಸಿದ ಸೇಬಿಗಿಂತ ಆ ಮಕ್ಕಳಿಗೆ ಎಷ್ಟೋ ಬೇಗ ಹತ್ತಿತು. ಮುಂದೆ ಐದನೆಯ ತರಗತಿಗೆ ಪಾಠ ಮಾಡುವಾಗ, ಒಬ್ಬ ಹುಡುಗನ ತಂದೆ ಮರಳನ್ನು ಬ್ರಾಸ್ ಲೆಕ್ಕದಲ್ಲಿ ಅಳೆಯುವುದನ್ನು ಹೇಳಿಕೊಟ್ಟರು. ಒಂದು ಬ್ರಾಸ್ ಎಂದರೆ 100 ಘನ ಅಡಿ. ಶಾಲೆಯ ಅಂಗಳದಲ್ಲಿ 10 ಅಡಿ ಉದ್ದ, 10 ಅಡಿ ಅಗಲದ ಚೌಕವನ್ನು ಸುಣ್ಣದಿಂದ ಎಳೆದು, ಇದರ ಮೇಲೆ ಒಂದಡಿ ಎತ್ತರಕ್ಕೆ ಮರಳು ತುಂಬಿದರೆ ಒಂದು ಬ್ರಾಸ್ ಎಂದು ಅವರೇ ನಿಂತು ವಿವರಿಸಿದ ದಿನ, ಸಭೆಗೆ ಎಂದೂ ಬಾರದ ನಾಲ್ಕು ಮಂದಿ ತಂದೆಯರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

ಇದು ನಾನು ಕಂಡುಹಿಡಿದ ಹೊಸ ವಿಧಾನವಲ್ಲ. ಮುಂಬೈಯಿಂದ ಅಷ್ಟೇನೂ ದೂರವಿಲ್ಲದ ಕೋಸ್‌ಬಾಡಿನ ಗುಡ್ಡದಲ್ಲಿ ಶಿಕ್ಷಣ ತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ವಾರ್ಲಿ ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು, ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಸಿದರು. ಶಿಕ್ಷಕಿಯ ತರಬೇತಿಯಲ್ಲಿ ಇದರ ಬಗ್ಗೆ ಪ್ರಬಂಧ ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ನನ್ನ ತರಗತಿಯ ಹುಡುಗಿ ಶಾಲೆಯಿಂದ ಹದಿನೈದು ನಿಮಿಷದ ದಾರಿಯಲ್ಲಿ ಮರಳಿನ ಗುಡ್ಡೆಯ ಮೇಲೆ ಕುಳಿತಿದ್ದ ಆರು ವಾರ ಅದು ನನಗೆ ನೆನಪಾಗಲಿಲ್ಲ.

ಮೂವತ್ತು ಮನೆಗಳಿಗೆ ಹೋಗಲು ಸಮಯವೆಲ್ಲಿ ಎಂದು ನೀವು ಕೇಳಬಹುದು. ಜನಗಣತಿ, ಚುನಾವಣೆ, ದಿನಕ್ಕೊಂದು ಮಾಹಿತಿ ನಮೂನೆ ಎಂದು ನಮ್ಮ ಸಮಯವನ್ನು ಎಷ್ಟೋ ಕೆಲಸಗಳು ತಿನ್ನುತ್ತವೆ ಎಂಬುದನ್ನು ನಾನು ಬಲ್ಲೆ. ಎಲ್ಲ ಮನೆಗಳಿಗೂ ಹೋಗಲಾಗದಿದ್ದರೆ ಸಭೆಗೆ ಬಾರದ ಐದಾರು ಮನೆಗಳಿಗೆ ಮಾತ್ರ ಹೋಗಿ. ಸಭೆಗೆ ಬಂದವರನ್ನು ಹೇಗೂ ಭೇಟಿಯಾಗಿದ್ದೀರಿ.

ಆ ಹುಡುಗನ ಮನೆಯವರು ಯಾದಗಿರಿ ಕಡೆಯವರು ಎಂದು ಬರೆದಿದ್ದೀರಿ, ಈಗ ಡಿಸೆಂಬರ್ ನಡೆಯುತ್ತಿದೆ. ಈ ಭಾನುವಾರವೇ ಹೋಗಿ. ಹುಡುಗನನ್ನು ಹೊರಗೆ ಆಡಲು ಕಳುಹಿಸಿ, ತಾಯಿಯ ಜೊತೆ ನೀವೇ ಮಾತನಾಡಿ. ಜಾತ್ರೆಗೆ ಯಾವ ದಿನ ಹೊರಡುತ್ತಾರೆ, ಮರಳಿ ಇಲ್ಲಿಗೇ ಬರುತ್ತಾರೋ ಬೇರೆ ಊರಿನ ಕೆಲಸಕ್ಕೆ ಹೋಗುತ್ತಾರೋ ಎಂದು ಕೇಳಿಕೊಳ್ಳಿ. ಬೇರೆ ಊರಿಗೆ ಹೋಗುವುದಾದರೆ ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಅವರು ಹೊರಡುವ ಮೊದಲೇ ಸಿದ್ಧಪಡಿಸಿ ಕೊಡಿ, ಮತ್ತು ಅದರಲ್ಲಿ ಏನು ಬರೆದಿದೆ ಎಂಬುದನ್ನು ತಾಯಿಗೆ ನೀವೇ ಓದಿ ಹೇಳಿ.