ಮನಸ್ಸಿದ್ದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತಾರೆ, ಮತ್ತೆ ನಿರುದ್ಯೋಗ ಯಾಕಿದೆ?

ಈ ಮಾತು ನಮ್ಮ ಮನೆಯಲ್ಲಿ ಯಾರಾದರೂ ಆಡಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಅಪ್ಪ ಮುಂಬೈಯ ಪರೇಲ್‌ನ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು, ರಾತ್ರಿ ಪಾಳಿಯನ್ನೂ ತಪ್ಪಿಸಿದವರಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮಿಲ್ ಕಾರ್ಮಿಕರ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕೂ ಜಾಸ್ತಿ ಜನ ಹೊರಗೆ ಬಂದರು, ತುಂಬಾ ಜನ ಮತ್ತೆ ಒಳಗೆ ಹೋಗಲೇ ಇಲ್ಲ.

ಎಲ್ಲದಕ್ಕೂ ಮುಷ್ಕರವೇ ಕಾರಣ ಅನ್ನುವುದು ಸುಲಭ. ಆದರೆ ಅದಕ್ಕೂ ಮೊದಲೇ ನೇಯ್ಗೆ ಮುಂಬೈ ಹೊರಗಿನ ಭಿವಂಡಿಯ ಪವರ್‌ಲೂಮ್‌ಗಳ (ಸಣ್ಣ ಶೆಡ್ಡುಗಳ ವಿದ್ಯುತ್ ಮಗ್ಗಗಳ) ಕಡೆ ಹೋಗುತ್ತಿತ್ತು, ಅಲ್ಲಿ ಕೂಲಿ ಕಡಿಮೆ. ಇಲ್ಲಿ ಯಂತ್ರಗಳು ಹಳೆಯವು, ಮಿಲ್ಲಿಗಿಂತ ಮಿಲ್ಲಿನ ಜಾಗಕ್ಕೇ ಬೆಲೆ ಜಾಸ್ತಿ. ಮುಂಬೈಯಲ್ಲಿ ಬೇರೆ ಕೆಲಸ ಇರಲಿಲ್ಲವಾ ಅಂದರೆ, ಇತ್ತು. ಬ್ಯಾಂಕು, ಆಫೀಸು, ಲೆಕ್ಕಪತ್ರ. ಅಪ್ಪನಿಗೆ ಬರುತ್ತಿದ್ದದ್ದು ಮಗ್ಗ. ನಲವತ್ತು ದಾಟಿದವನಿಗೆ ಟೈಪಿಂಗ್ ಕಲಿಸಿ ಕೆಲಸ ಕೊಡುವವರು ಯಾರು? ಕೊನೆಗೆ ಮುಲುಂಡ್‌ನಲ್ಲಿ ದೊಡ್ಡಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತರು, ಅರ್ಧ ಸಂಬಳಕ್ಕೆ.

ಕೆಲಸ ಇದ್ದರೂ ಬರುವ ಕಸುಬಿಗೆ ಹೊಂದದ ಇದು ನಿರುದ್ಯೋಗದ ಒಂದು ಬಗೆ. ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುವ ನಡುವೆ ಖಾಲಿ ಕೂರುವುದೂ ನಿರುದ್ಯೋಗವೇ, ಅದು ಎಲ್ಲ ಕಾಲದಲ್ಲೂ ಸ್ವಲ್ಪ ಇರುತ್ತದೆ, ಚಿಂತೆ ಬೇಡ. ಮೂರನೆಯದು ವ್ಯಾಪಾರವೇ ಬಿದ್ದಾಗ ಬರುವುದು: ಜನ ಖರ್ಚು ಮಾಡಲ್ಲ, ಅಂಗಡಿಯವನು ಆಳು ಕಡಿಮೆ ಮಾಡುತ್ತಾನೆ, ಆ ಆಳೂ ಖರ್ಚು ನಿಲ್ಲಿಸುತ್ತಾನೆ. 2020ರಲ್ಲಿ ಅದೇ ಹೋಟೆಲಿನ ಬಾಗಿಲು ಹಾಕಿದಾಗ ಕಣ್ಣಾರೆ ನೋಡಿದೆ. ಸಪ್ಲೈಯರ್ ಹುಡುಗರೆಲ್ಲ ಕುಂದಾಪುರದ ಕಡೆ ಊರಿಗೆ ಹೋದರು.

ಈಗ ತಮಾಷೆ ನೋಡಿ. ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ನಿರುದ್ಯೋಗ 2018-19ರಲ್ಲಿ ಶೇ 5.8 ಇತ್ತು, 2020-21ರಲ್ಲಿ ಶೇ 4.2. ಇಳಿದಿದೆ! ಅದೇ ಹೊತ್ತಿಗೆ ದುಡಿಯುವವರಲ್ಲಿ ಬೇಸಾಯದಲ್ಲಿರುವವರ ಪಾಲು ಶೇ 42.5ರಿಂದ 46.5ಕ್ಕೆ ಏರಿತು. ಗದ್ದೆ ಜಾಸ್ತಿ ಆಗಿರಲಿಲ್ಲ ಅಲ್ವಾ? ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿದರೂ ಆ ಲೆಕ್ಕದಲ್ಲಿ ಅದು ಉದ್ಯೋಗ. ಇಬ್ಬರು ಮಾಡುತ್ತಿದ್ದ ನಾಟಿಗೆ ಮನೆಯ ಮೂರನೆಯವನಾಗಿ ಇಳಿದ ನಮ್ಮ ಹೋಟೆಲಿನ ಹುಡುಗ, ತಿಂಗಳ ಕೊನೆಗೆ ಫೋನ್ ರೀಚಾರ್ಜಿಗೆ ಅಣ್ಣನ ಹತ್ತಿರ ಕೈಚಾಚಿದರೂ, ಅಲ್ಲಿ ನಿರುದ್ಯೋಗಿ ಅಲ್ಲ.