ಚಳಿಯಲ್ಲ, ಕತ್ತಲು

ಸ್ಟಾಕ್‌ಹೋಮ್‌ನಿಂದ ಓದುಗರೊಬ್ಬರು ಕೇಳಿದ್ದಾರೆ: "ಮಗಳು ಒಂದು ಜೊತೆ ಸೈಬೀರಿಯನ್ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಪ್ರಾಣಿ) ಸಾಕಿದ್ದಾಳೆ. ಬೇಸಿಗೆಯಲ್ಲಿ ಎರಡು ಸಲ ಮರಿ ಹಾಕಿದವು. ನವೆಂಬರ್‌ನಿಂದ ಸುದ್ದಿಯೇ ಇಲ್ಲ. ಮೈ ಇಳಿದಿದೆ, ಕೂದಲು ಬೆಳ್ಳಗಾಗುತ್ತಿದೆ. ಅಂಗಡಿಯವರು ಚಳಿಗೆ ಹೀಗೆ ಅಂತಾರೆ. ಆದರೆ ಗೂಡು ಇರುವುದು ಹಿಂದಿನ ಖಾಲಿ ಕೋಣೆಯಲ್ಲಿ, ಅಲ್ಲಿ ಹೀಟರ್ ಸದಾ ಇರುತ್ತದೆ. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ, 'ನಮ್ಮ ಅಟ್ಟದ ಇಲಿಗಳಿಗೆ ಯಾವ ಕಾಲವೂ ಅಡ್ಡಿಯಿಲ್ಲಪ್ಪ' ಅಂತ ನಕ್ಕರು. ಇವಕ್ಕೆ ವಯಸ್ಸಾಯಿತಾ?"

ಉತ್ತರ: ಗುಟ್ಟು ನಿಮ್ಮ ಪತ್ರದಲ್ಲೇ ಇದೆ. ಖಾಲಿ ಕೋಣೆಯಲ್ಲಿ ಸಂಜೆ ದೀಪ ಹಾಕುವವರು ಯಾರು? ಡಿಸೆಂಬರ್‌ನಲ್ಲಿ ನಿಮ್ಮೂರಿನ ಹಗಲು ಬರೀ 6 ಗಂಟೆ. ಈ ಜಾತಿಗೆ ಹಗಲು ಸುಮಾರು 13 ಗಂಟೆಗಿಂತ ಕಡಿಮೆಯಾದರೆ ಚಳಿಗಾಲ ಬಂತು ಅಂತಲೇ ಲೆಕ್ಕ. ಕೋಣೆ ಎಷ್ಟೇ ಬೆಚ್ಚಗಿರಲಿ, ಗಂಡಿನ ವೃಷಣಗಳು ಕೆಲವೇ ವಾರಗಳಲ್ಲಿ ಕುಗ್ಗಿಹೋಗುತ್ತವೆ. ತೂಕ ಇಳಿಯುತ್ತದೆ. ಬೂದು ಕೂದಲು ಉದುರಿ ಬಿಳಿ ಕೂದಲು ಬರುತ್ತದೆ. ಹಾಗಾಗಿ ಆ ಬಿಳುಪು ಮುಪ್ಪಿನದ್ದಲ್ಲ, ಹಿಮದಲ್ಲಿ ಕಣ್ಣಿಗೆ ಬೀಳದಿರಲು ಹೊದ್ದ ಕಂಬಳಿ.

ಇದು ಮೊದಲು ಪಕ್ಕಾ ಆದದ್ದು 1932ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ಬೇಕರ್ ಮತ್ತು ರ‍್ಯಾನ್ಸನ್ ಎಂಬಿಬ್ಬರು ಅಲ್ಲಿನ ಹುಲ್ಲುಗಾವಲಿನ ಪುಟ್ಟ ಇಲಿಗಳಿಗೆ ಸಿಗುವ ಬೆಳಕನ್ನು ದಿನಕ್ಕೆ 15 ಗಂಟೆಯಿಂದ 9ಕ್ಕೆ ಇಳಿಸಿದರು. ಮರಿ ಹಾಕುವುದು ಹೆಚ್ಚುಕಡಿಮೆ ನಿಂತೇಹೋಯಿತು. ಇದರಲ್ಲಿ ಜಾಣತನವಿದೆ ನೋಡಿ. ಚಳಿ ಒಂದು ವರ್ಷ ಬೇಗ ಬರುತ್ತದೆ, ಇನ್ನೊಂದು ವರ್ಷ ತಡ. ಹಗಲಿನ ಅಳತೆ ಮಾತ್ರ ಯಾವ ವರ್ಷವೂ ತಪ್ಪುವುದಿಲ್ಲ.

ಅಳೆಯುವುದು ಹೇಗೆ ಅಂದರೆ, ಹಗಲನ್ನಲ್ಲ, ರಾತ್ರಿಯನ್ನು. ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತದೆ. ರಾತ್ರಿ ಉದ್ದವಾದಷ್ಟು ಹೊತ್ತು ಅದು ರಕ್ತದಲ್ಲಿ ಇರುತ್ತದೆ. ಮೆದುಳು ಆ ಅವಧಿಯನ್ನು ಓದಿಕೊಂಡು, ಸಂತಾನದ ಹಾರ್ಮೋನುಗಳ ನಲ್ಲಿ ತಿರುಗಿಸುತ್ತದೆ ಇಲ್ಲವೇ ಮುಚ್ಚುತ್ತದೆ. 1965ರಲ್ಲಿ ಅಮೆರಿಕದಲ್ಲಿ ಇನ್ನೊಂದು ಜಾತಿಯ ಹ್ಯಾಮ್‌ಸ್ಟರ್‌ಗಳ ಪೀನಿಯಲ್ ತೆಗೆದು ನೋಡಿದರು. ಕತ್ತಲಲ್ಲಿಟ್ಟರೂ ಅವುಗಳ ವೃಷಣ ಕುಗ್ಗಲಿಲ್ಲ. ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ನಿಮ್ಮ ಮನೆಯಲ್ಲಿರುವ ಜಾತಿಯ ಮೇಲೇ ಜರ್ಮನಿಯ ಕ್ಲಾಸ್ ಹಾಫ್‌ಮನ್ 1979ರಲ್ಲಿ ಪ್ರಕಟಿಸಿದ ಪ್ರಯೋಗ. ಗಿಡ್ಡ ಹಗಲಿನಲ್ಲಿಟ್ಟು, ರಾತ್ರಿ ನಡುವೆ ಬರೀ ಒಂದು ನಿಮಿಷ ದೀಪ ಹಾಕಿದರು. ಅಷ್ಟಕ್ಕೇ ಅವುಗಳ ಮೈ ಬೇಸಿಗೆ ಅಂದುಕೊಂಡಿತು!

ನಿಮ್ಮ ಅಮ್ಮ ಹೇಳಿದ್ದೂ ಸರಿಯೇ. ಬೆಂಗಳೂರಲ್ಲಿ ಹಗಲು ಜೂನ್‌ನಲ್ಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರ್‌ನಲ್ಲೂ 11ಕ್ಕೆ ಇಳಿಯುವುದಿಲ್ಲ. ಇಷ್ಟು ಸಣ್ಣ ಏರಿಳಿತ ಇರುವಲ್ಲಿ ಹಗಲು ನೋಡಿ ಕಾಲ ಹೇಳುವುದು ಕಷ್ಟ. ಅಲ್ಲದೆ ಮನೆ ಇಲಿಗಳು ಹಗಲಿನ ಲೆಕ್ಕಕ್ಕೆ ಅಷ್ಟಾಗಿ ಕಟ್ಟುಬಿದ್ದವಲ್ಲ. ಅಟ್ಟದಲ್ಲಿ ಭತ್ತದ ಮೂಟೆ ಇದ್ದರೆ ಸಾಕು.

ಈಗೇನು ಮಾಡುವುದು? ಸುಮ್ನೆ ಬಿಟ್ಟರೂ ಆಯಿತು. ಕತ್ತಲಲ್ಲೇ ಇಟ್ಟರೂ ಐದಾರು ತಿಂಗಳಲ್ಲಿ ಗಂಡಿನ ದೇಹ ತಾನಾಗಿ ಮತ್ತೆ ಸಜ್ಜಾಗುತ್ತದೆ, ವಸಂತಕ್ಕೆ ಸರಿಯಾಗಿ. ಅವಸರವಿದ್ದರೆ ಟೈಮರ್ ಹಾಕಿದ ದೀಪವೊಂದು ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಉರಿಯಲಿ, ಕೆಲವು ವಾರ ಕಾಯಿರಿ. ಆದರೆ ಇವುಗಳ ಬಸಿರು ಬರೀ 18 ದಿನದ್ದು. ದೀಪ ಹಾಕುವ ಮೊದಲು, ಮರಿಗಳನ್ನು ಯಾರ ಮನೆಗೆ ಕೊಡುವುದು ಅಂತ ಮಗಳ ಹತ್ತಿರ ಮಾತಾಡಿಕೊಳ್ಳಿ.

— ಸಂ.