ಗೋದಾಮಿನ ಡ್ರಮ್ ಲಿಫ್ಟರನ್ನೇ ಸಿರಪ್ ಮಿಕ್ಸಿಂಗ್ ರೂಮಿಗೂ ತರಬಹುದಾ?

ಗ್ಲಿಸರಿನ್ ಡ್ರಮ್ ಎತ್ತಿ ಟ್ಯಾಂಕಿಗೆ ಸುರಿಯಬೇಕು, ಗೋದಾಮಿನ ಲಿಫ್ಟರ್ 250 ಕೆಜಿ ಎತ್ತುವಂಥದ್ದು, ಅದನ್ನೇ ಒಳಗೆ ತಂದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ತರಲೂಬೇಡಿ. ಹನ್ನೆರಡು ವರ್ಷದಿಂದ ಸಿರಪ್ ಪ್ರೊಡಕ್ಷನ್‌ನಲ್ಲೇ ಇದ್ದೇನೆ, ಅದರ ಮೇಲೆ ಹೇಳುತ್ತಿದ್ದೇನೆ.

200 ಲೀಟರ್ ಅಂದರೆ 200 ಕೆಜಿ ಅಂತ ಲೆಕ್ಕ ಹಾಕುವವರೇ ಜಾಸ್ತಿ. ನೀರಿಗೆ ಅದು ಸರಿ. ಗ್ಲಿಸರಿನ್ ನೀರಿಗಿಂತ ಕಾಲು ಭಾಗ ಹೆಚ್ಚು ಭಾರ. 200 ಲೀಟರಿಗೇ 250 ಕೆಜಿ ದಾಟುತ್ತದೆ, ಡ್ರಮ್ಮಿನ ತೂಕ ಬೇರೆ. ಸಿಹಿಗೆ ಹಾಕುವ ಸಾರ್ಬಿಟಾಲ್ ದ್ರಾವಣ ಭಾರದಲ್ಲಿ ಇನ್ನೂ ಒಂದು ಕೈ ಮೇಲು. ಲೇಬಲ್‌ನಲ್ಲಿ ಗ್ರಾಸ್ ವೇಟ್ (ಡ್ರಮ್ಮೂ ಸೇರಿದ ಒಟ್ಟು ತೂಕ) ನೋಡಿ, 350 ಕೆಜಿ ಎತ್ತುವ ಲಿಫ್ಟರನ್ನೇ ತೆಗೆದುಕೊಳ್ಳಿ.

ಹಿಡಿತವೂ ಡ್ರಮ್ ನೋಡಿ ಬದಲಾಗಬೇಕು. ಕಬ್ಬಿಣದ ಡ್ರಮ್ಮಿಗೆ ಗಟ್ಟಿ ಅಂಚಿದೆ, ಕೊಕ್ಕೆ ಕಚ್ಚುತ್ತದೆ. ಫೈಬರ್ ಡ್ರಮ್ಮಿಗೆ ಆ ಬಲ ಇಲ್ಲ. ನನ್ನ ಮೊದಲ ಕೆಲಸದಲ್ಲಿ ಹಾಗೆ ಕೊಕ್ಕೆ ಹಾಕಿ ಎತ್ತಿದೆವು. ಅಂಚು ಕಿತ್ತು ಬಂತು, ಪುಡಿಯೆಲ್ಲ ನೆಲಕ್ಕೆ. ಪುಣ್ಯಕ್ಕೆ ಕೆಳಗೆ ಯಾರ ಕಾಲೂ ಇರಲಿಲ್ಲ. ಅಂಥದ್ದಕ್ಕೆ ಸೊಂಟ ಸುತ್ತಿ ಹಿಡಿಯುವ ಅಗಲ ಪಟ್ಟಿಯೇ ಬೇಕು. ಇನ್ನು ಅರ್ಧ ಖಾಲಿಯಾದ ಡ್ರಮ್ ಬಗ್ಗಿಸುವಾಗ ದ್ರವ ಒಂದೇ ಕಡೆಗೆ ನುಗ್ಗುತ್ತದೆ. ಕೈ ಬಿಟ್ಟರೂ ಅಲ್ಲೇ ನಿಲ್ಲುವ ವರ್ಮ್ ಗೇರ್ ಇರುವುದನ್ನು ಕೇಳಿ.

ಗೋದಾಮಿನ ಲಿಫ್ಟರ್ ಯಾಕೆ ಬೇಡ ಅಂದರೆ, ಅದರ ಚೈನಿಗೆ ಗ್ರೀಸ್ ಇದೆ, ಬಣ್ಣ ಚಕ್ಕೆ ಏಳುತ್ತದೆ, ಚೌಕಟ್ಟಿನ ತೆರೆದ ಪೈಪಿನೊಳಗೆ ತೊಳೆದ ನೀರು ನಿಲ್ಲುತ್ತದೆ. ಮಿಕ್ಸಿಂಗ್ ರೂಮಿನ ಲಿಫ್ಟರ್ ಸ್ಟೇನ್‌ಲೆಸ್ ಸ್ಟೀಲ್ 304ರದ್ದು, ಪೈಪಿನ ಬಾಯಿ ಪೂರ್ತಿ ವೆಲ್ಡ್ ಆಗಿರಬೇಕು, ಎಣ್ಣೆ ಫುಡ್ ಗ್ರೇಡ್. ಮರದ ಪ್ಯಾಲೆಟ್ ಹೊರಗೇ ಉಳಿಯಲಿ. ಡ್ರಮ್ಮಿನ ತಳವನ್ನೂ ಒರೆಸಿ. ಬೋರಲು ಹಾಕಿದಾಗ ಆ ತಳವೇ ಟ್ಯಾಂಕಿನ ಬಾಯಿಯ ಮೇಲೆ ಇರುತ್ತದೆ ಅಲ್ವಾ!

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಫ್ಯಾಕ್ಟರೀಸ್ ಆಕ್ಟ್ 1948ರ 29ನೇ ಸೆಕ್ಷನ್ ಪ್ರಕಾರ ಲಿಫ್ಟಿಂಗ್ ಮಷೀನನ್ನು ಕಾಂಪಿಟೆಂಟ್ ಪರ್ಸನ್ (ಮಾನ್ಯತೆ ಪಡೆದ ಪರೀಕ್ಷಕ) ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕಿತ್ತು. ಲಿಫ್ಟರ್ ಚಿಕ್ಕದು ಅಂತ ಈಗಲೂ ಆ ಪರೀಕ್ಷೆ ಬಿಡಬೇಡಿ.

ನನ್ನ ಕೇಳಿದರೆ ಗ್ಲಿಸರಿನ್ ಎತ್ತಲೇಬೇಡಿ. ಡ್ರಮ್ ನೆಲದಲ್ಲೇ ಇರಲಿ, ದಪ್ಪ ದ್ರವಕ್ಕೆಂದೇ ಬರುವ ಸ್ಕ್ರೂ ಥರದ ಡ್ರಮ್ ಪಂಪ್ ಇಳಿಸಿ ಎಳೆಯಿರಿ. ಚಳಿಗಾಲದಲ್ಲಿ ಅದು ಜೇನಿನ ಹಾಗೆ ಮೊಂಡು ಹಿಡಿಯುತ್ತದೆ, ಡ್ರಮ್ಮಿಗೆ ಹೀಟರ್ ಪಟ್ಟಿ ಸುತ್ತಿದರೆ ಸಲೀಸಾಗಿ ಬರುತ್ತದೆ. ಲಿಫ್ಟರ್ ಪುಡಿ ಡ್ರಮ್ಮುಗಳಿಗೆ ಇರಲಿ.